ಚೇತನ ಪರಿಗ್ರಹದ ತ್ಯಾಗ

ಪರಿಗ್ರಹವೆಂದೊಡನೆ ಹೊಲ, ಮನೆ, ಬೆಳ್ಳಿ, ಬಂಗಾರಗಳು ನೆನಪಿಗೆ ಬರುವುದು ಸಹಜ. ಆದರೆ ಶ್ರಾವಕನು ಮಿತಿಗೊಳಿಸಿಕೊಳ್ಳಬೇಕಾದ ಬಾಹ್ಯ ಪರಿಗ್ರಹಗಳನ್ನು ಎಣಿಸುವಾಗ ಶಾಸ್ತ್ರಕಾರರು ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣಗಳ ಸಾಲಿನಲ್ಲಿಯೇ ದಾಸಿಯನ್ನೂ ದಾಸನನ್ನೂ ಹೇಳಿದ್ದಾರೆ. ಅದೇ ಸಾಲಿನ ಧನ ಎಂಬ ಪದಕ್ಕೂ ಗೋವು ಮೊದಲಾದ ಪಶುಸಂಪತ್ತು ಎಂದೇ ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಈ ಹೆಸರುಗಳನ್ನು ಓದಿ, ದಾಸಿ-ದಾಸ ಎಂಬಲ್ಲಿ ನಿಲ್ಲದೆ ಮುಂದೆ ಸಾಗುವುದೇ ಹೆಚ್ಚು. ಅದು ಹಳೆಯ ಕಾಲದ ಮಾತು, ಈಗ ದಾಸರೆಲ್ಲಿದ್ದಾರೆ ಎಂಬ ಭಾವನೆ ಅದಕ್ಕೆ ಕಾರಣವಿರಬಹುದು.

ಆದರೂ ಅಲ್ಲಿ ನಿಲ್ಲಬೇಕಾದ ಒಂದು ಪ್ರಶ್ನೆಯಿದೆ. ಅಚೇತನ ಪರಿಗ್ರಹವನ್ನು ಬಿಡುವುದು ಮನಸ್ಸಿಗೆ ಕಷ್ಟವಾದರೂ ಕ್ರಿಯೆಯಲ್ಲಿ ಸುಲಭ. ಬಂಗಾರವನ್ನು ದಾನವಿತ್ತರೆ ಕೊಟ್ಟವನ ಭಾರ ಇಳಿಯಿತು. ಬಂಗಾರಕ್ಕೆ ನೋವೂ ಇಲ್ಲ, ನಲಿವೂ ಇಲ್ಲ. ಚೇತನ ಪರಿಗ್ರಹದ ವಿಷಯ ಹಾಗಲ್ಲ. ಮುದಿ ಎತ್ತನ್ನು ಕಟುಕನಿಗೆ ಮಾರಿದವನ ಕೊಟ್ಟಿಗೆಯಲ್ಲಿ ಪರಿಗ್ರಹ ಒಂದು ಕಡಿಮೆಯಾಗುತ್ತದೆ, ಅವನ ಹಿಂಸೆಯ ಲೆಕ್ಕ ಮಾತ್ರ ಹೆಚ್ಚುತ್ತದೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹ, ಲೋಭಗಳ ಜೊತೆಗೆ ಮಿತಿಮೀರಿ ಓಡಿಸುವುದನ್ನೂ ಮಿತಿಮೀರಿ ಭಾರ ಹೊರಿಸುವುದನ್ನೂ ಸೇರಿಸಿದ್ದಾರೆ. ಇವು ಹೊರನೋಟಕ್ಕೆ ಅಹಿಂಸಾಣುವ್ರತಕ್ಕೆ ಸೇರಬೇಕಾದ ದೋಷಗಳು. ಅವುಗಳನ್ನು ಪರಿಗ್ರಹದಲ್ಲಿ ಇರಿಸಿದ್ದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಜೀವವುಳ್ಳದ್ದನ್ನು ತನ್ನದೆಂದು ಇಟ್ಟುಕೊಂಡವನಿಗೆ ಎಣಿಕೆ ಮಾತ್ರ ಸಾಲದು, ಆ ಜೀವದ ಬಾಳಿನ ಹೊಣೆಯೂ ವ್ರತದೊಳಗೇ ಬರುತ್ತದೆ.

ಹಾಗಾದರೆ ಮನುಷ್ಯರನ್ನೇ ಪಿತ್ರಾರ್ಜಿತವಾಗಿ ಪಡೆದವನೊಬ್ಬನು ಆ ಪರಿಗ್ರಹವನ್ನು ಬಿಡಬೇಕೆಂದು ನಿಶ್ಚಯಿಸಿದರೆ ಹೇಗೆ ಬಿಡಬೇಕು? ಈ ಪ್ರಶ್ನೆಗೆ ಪುಸ್ತಕದಲ್ಲಿ ಅಲ್ಲ, ಬಾಳಿನಲ್ಲಿ ಉತ್ತರ ಹುಡುಕಿದ ಒಬ್ಬ ಗೃಹಸ್ಥನು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿದ್ದನು. ಎಡ್ವರ್ಡ್ ಕೋಲ್ಸ್ ಎಂಬ ಈ ರಾಜಕಾರಣಿಯ ಹೆಸರನ್ನು ಇಲ್ಲಿ ಕೇಳಿದವರು ವಿರಳ. ಜೈನಧರ್ಮದ ಗಂಧವೂ ಇಲ್ಲದ ಪರಿಸರದಲ್ಲಿ ಬೆಳೆದ ಆತನ ಚರಿತ್ರೆ ಶ್ರಾವಕಾಚಾರವನ್ನು ಓದುವವರಿಗೆ ವಿಶೇಷವಾಗಿ ವಿಚಾರಣೀಯವಾಗಿದೆ.

ಕೋಲ್ಸ್ ಹುಟ್ಟಿದ್ದು 1786ರ ಡಿಸೆಂಬರ್ 15ರಂದು, ವರ್ಜೀನಿಯಾ ರಾಜ್ಯದ ಆಲ್ಬಮಾರ್ಲ್ ಪ್ರಾಂತದ ಎನ್ನಿಸ್ಕಾರ್ತಿ ಎಂಬ ತೋಟದ ಮನೆಯಲ್ಲಿ. ತಂದೆ ದೊಡ್ಡ ಜಮೀನುದಾರ. ಆಫ್ರಿಕದಿಂದ ಹಿಡಿದು ತಂದವರ ಸಂತತಿಯಾದ ಕಪ್ಪು ಜನರು ಅಲ್ಲಿನ ಹೊಲಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದರು. ದನಕರುಗಳಂತೆ ಅವರನ್ನು ಕೊಳ್ಳಬಹುದಿತ್ತು, ಮಾರಬಹುದಿತ್ತು, ಮಕ್ಕಳಿಗೆ ಉಯಿಲು ಬರೆದು ಹಂಚಬಹುದಿತ್ತು. ಇಂತಹ ಮನೆಯ ಹುಡುಗನು ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಓದುವಾಗ, ಮನುಷ್ಯರ ಸಹಜ ಹಕ್ಕುಗಳ ಮೇಲೆ ಪಾಠ ಹೇಳುತ್ತಿದ್ದ ಪ್ರಾಂಶುಪಾಲ, ಕ್ರೈಸ್ತ ಧರ್ಮಾಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಅವರನ್ನು (ಮುಂದೆ ರಾಷ್ಟ್ರಾಧ್ಯಕ್ಷನಾದವನು ಇದೇ ಹೆಸರಿನ ಬೇರೆಯವನು) ಒಂದು ಪ್ರಶ್ನೆ ಕೇಳಿದನು. ಎಲ್ಲ ಮನುಷ್ಯರೂ ಸ್ವತಂತ್ರರೆಂಬುದು ನಿಜವಾದರೆ ಒಬ್ಬನು ಇನ್ನೊಬ್ಬನಿಗೆ ಒಡೆಯನಾಗುವುದು ಹೇಗೆ? ತತ್ತ್ವದಲ್ಲಿ ಇದನ್ನು ಸಮರ್ಥಿಸಲಾಗದು, ಆದರೆ ಇರುವುದನ್ನು ತೊಡೆದುಹಾಕುವುದು ಕಷ್ಟವಾದ್ದರಿಂದ ಸಹಿಸಿಕೊಂಡಿರಬೇಕಾಗಿದೆ ಎಂದು ಗುರುಗಳು ಒಪ್ಪಿಕೊಂಡರು. ತತ್ತ್ವದಲ್ಲಿ ತಪ್ಪಾದುದು ಆಚರಣೆಯಲ್ಲಿ ಸರಿಯಾಗುವುದೇ ಎಂಬುದು ಶಿಷ್ಯನ ಮರುಪ್ರಶ್ನೆ. ತಾನು ಮಾತ್ರ ಗುಲಾಮರನ್ನು ಇಟ್ಟುಕೊಳ್ಳುವುದಿಲ್ಲವೆಂದು ಆತನು ಅಂದೇ ನಿಶ್ಚಯಿಸಿದನೆಂದು ಮುಂದೆ ತನ್ನ ಆತ್ಮವೃತ್ತಾಂತದಲ್ಲಿ ಬರೆದಿದ್ದಾನೆ.

ಗುರುಗಳ ಆ ಉತ್ತರ ಎಲ್ಲಿಯೋ ಕೇಳಿದಂತಿದೆ ಎಂದು ಓದುಗರಿಗೆ ತೋರಿದರೆ ಆಶ್ಚರ್ಯವಿಲ್ಲ. ನಿಶ್ಚಯ ನಯದಲ್ಲಿ ಹೀಗೆ, ವ್ಯವಹಾರ ನಯದಲ್ಲಿ ಹಾಗೆ ಎಂದು ಹೇಳಿ ಅಂಗಡಿಯ ತಕ್ಕಡಿಯನ್ನೂ ಬಡ್ಡಿಯ ಲೆಕ್ಕವನ್ನೂ ಧರ್ಮದಿಂದ ದೂರವಿಡುವ ಅಭ್ಯಾಸ ಜೈನ ವ್ಯಾಪಾರಿಗಳಲ್ಲಿಯೂ ಇಲ್ಲದಿಲ್ಲ. ಕುಂದಕುಂದ ಆಚಾರ್ಯರ ಎರಡು ನಯಗಳು ವಸ್ತುವನ್ನು ಎರಡು ದೃಷ್ಟಿಗಳಿಂದ ತಿಳಿಯಲು ಇರುವ ಸಾಧನಗಳು. ವ್ಯವಹಾರವು ನಿಶ್ಚಯದ ಕಡೆಗೆ ಏರಿಸುವ ಮೆಟ್ಟಿಲಾಗಬೇಕು, ನಿಶ್ಚಯದಿಂದ ತಪ್ಪಿಸಿಕೊಳ್ಳುವ ಹಿತ್ತಲ ಬಾಗಿಲಾಗಬಾರದು. ಹದಿಹರೆಯ ದಾಟಿದ ವಿದ್ಯಾರ್ಥಿಯೊಬ್ಬನು ಗುರುವಿನ ಮಾತಿನಲ್ಲಿ ಈ ಹಿತ್ತಲ ಬಾಗಿಲನ್ನು ಕಂಡುಹಿಡಿದನು.

ಆದರೆ ಕೋಲ್ಸ್‌ನ ನಡೆಯಲ್ಲಿ ದೋಷವೇ ಇರಲಿಲ್ಲವೆಂದು ಹೇಳಲಾಗದು. ತನ್ನ ನಿಶ್ಚಯವನ್ನು ಆತನು ತಂದೆಗೆ ತಿಳಿಸಲಿಲ್ಲ. ತಿಳಿದರೆ ತಂದೆಯು ಉಯಿಲಿನಲ್ಲಿ ತನಗೆ ಗುಲಾಮರ ಬದಲು ಬೇರೆ ಆಸ್ತಿ ಬರೆದಾನು, ಆಗ ಅವರು ಇನ್ನೊಬ್ಬರ ಪಾಲಾಗಿ ದಾಸ್ಯದಲ್ಲಿಯೇ ಉಳಿದಾರು ಎಂಬುದು ಆತನ ಅಂಜಿಕೆ. ಇಲ್ಲಿ ಸತ್ಯಾಣುವ್ರತಕ್ಕೂ ಅಹಿಂಸಾಣುವ್ರತಕ್ಕೂ ತಿಕ್ಕಾಟವಿದೆ. ಜೀವಕ್ಕೆ ಹಾನಿ ತರುವ ಸತ್ಯವನ್ನು ನುಡಿಯಬಾರದೆಂದು ಶ್ರಾವಕಾಚಾರಗಳು ಹೇಳುವುದರಿಂದ ಆತನ ಮೌನವನ್ನು ಕ್ಷಮಿಸಬಹುದು. ಪರಿಗ್ರಹವನ್ನು ಬಿಡುವುದಕ್ಕಾಗಿಯೇ ಒಬ್ಬನು ಅದನ್ನು ಮೊದಲು ಕೈಗೆ ತೆಗೆದುಕೊಳ್ಳಬೇಕಾಗಿ ಬಂದ ಈ ಪ್ರಸಂಗ ಮಾತ್ರ ವಿಚಿತ್ರವಾದದ್ದು.

1808ರಲ್ಲಿ ತಂದೆ ತೀರಿಕೊಂಡನು. ಜಮೀನೂ ಗುಲಾಮರೂ ಮಗನ ಪಾಲಿಗೆ ಬಂದರು. ಆಗ ಆತನು ತನ್ನ ಸಂಕಲ್ಪವನ್ನು ಬಂಧುಗಳಿಗೆ ತಿಳಿಸಿದನು, ಅವರು ಒಪ್ಪಲಿಲ್ಲ. ವರ್ಜೀನಿಯಾದಲ್ಲಿಯೇ ಇವರನ್ನು ಬಿಡುಗಡೆ ಮಾಡಿ ಕೂಲಿಯಾಳುಗಳಾಗಿ ಇರಿಸಿಕೊಳ್ಳೋಣವೆಂದರೆ 1806ರ ಶಾಸನ ಅಡ್ಡ ಬಂದಿತು. ಬಿಡುಗಡೆ ಹೊಂದಿದ ಗುಲಾಮನು ಹನ್ನೆರಡು ತಿಂಗಳೊಳಗೆ ರಾಜ್ಯವನ್ನೇ ಬಿಟ್ಟು ಹೋಗಬೇಕು, ಇಲ್ಲದಿದ್ದರೆ ಮತ್ತೆ ದಾಸ್ಯಕ್ಕೆ ಬೀಳುವ ಭಯ. ಅಂದರೆ ಬಿಡುಗಡೆಯ ಕಾಗದವೊಂದನ್ನು ಕೈಗಿತ್ತು ಬೀದಿಗೆ ನೂಕಿದರೆ ಅದು ದಯೆಯಾಗುತ್ತಿರಲಿಲ್ಲ. ಬೇರೆ ನೆಲ ನೋಡಬೇಕಾಗಿತ್ತು.

ಇದಕ್ಕೆ ಹಿಡಿದ ಕಾಲ ಹನ್ನೊಂದು ವರ್ಷ. ಈ ನಡುವೆ ಕೋಲ್ಸ್ ರಾಷ್ಟ್ರಾಧ್ಯಕ್ಷ ಜೇಮ್ಸ್ ಮ್ಯಾಡಿಸನ್‌ನ ಆಪ್ತ ಕಾರ್ಯದರ್ಶಿಯಾಗಿ 1815ರವರೆಗೆ ವಾಷಿಂಗ್ಟನ್ನಿನಲ್ಲಿದ್ದನು. ಬಳಿಕ ರಾಜತಾಂತ್ರಿಕ ಕಾರ್ಯಕ್ಕಾಗಿ ರಷ್ಯಕ್ಕೆ ಹೋಗಿ ಯೂರೋಪನ್ನೂ ಕಂಡು ಬಂದನು. ಆ ವರ್ಷಗಳಲ್ಲಿ ಆತನ ಹೊಲವನ್ನು ಉತ್ತವರು ಯಾರು? ಬಿಡುಗಡೆಗೆ ಸಂಕಲ್ಪಿತರಾದ ಆ ಗುಲಾಮರೇ. ಅವರ ದುಡಿಮೆಯ ಫಲ ಒಡೆಯನ ಜಮಾ ಬಾಜಿಗೇ ಸೇರಿತು. ವ್ರತವನ್ನು ಮನಸ್ಸಿನಲ್ಲಿ ಸ್ವೀಕರಿಸಿದ ದಿನದಿಂದ ಫಲ ಬರುವುದೋ ಅಥವಾ ಪಾಲಿಸಿದ ದಿನದಿಂದಲೋ ಎಂಬ ಜಿಜ್ಞಾಸೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು. ಆತನ ಭಾವ ಶುದ್ಧವಾಗಿದ್ದಿತೆಂದು ಒಪ್ಪೋಣ. ಉಳುವವನ ಬೆನ್ನಿಗೆ ಆ ಭಾವದ ಅರಿವಿರಲಿಲ್ಲ.

ಇದೇ ಅವಧಿಯಲ್ಲಿ, 1814ರ ಜುಲೈ 31ರಂದು, ಕೋಲ್ಸ್ ತನ್ನದೇ ಪ್ರಾಂತದ ಹಿರಿಯ, ಮಾಜಿ ರಾಷ್ಟ್ರಾಧ್ಯಕ್ಷ ಥಾಮಸ್ ಜೆಫರ್ಸನ್‌ನಿಗೆ ಒಂದು ಪತ್ರ ಬರೆದನು. ಎಲ್ಲ ಮನುಷ್ಯರೂ ಸಮಾನರೆಂಬ ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಕೈಯೇ ಗುಲಾಮಗಿರಿಯನ್ನು ಕ್ರಮೇಣ ಕೊನೆಗಾಣಿಸುವ ಯೋಜನೆಯನ್ನೂ ಬರೆದುಕೊಡಬೇಕೆಂದು ವಿನಯದಿಂದ ಬೇಡಿದನು. ತಾನು ಮಾತ್ರ ತನ್ನ ಗುಲಾಮರೊಡನೆ ರಾಜ್ಯವನ್ನು ಬಿಟ್ಟು ಹೋಗಲು ನಿಶ್ಚಯಿಸಿರುವುದನ್ನೂ ತಿಳಿಸಿದನು. ಆಗಸ್ಟ್ 25ರಂದು ಬರೆದ ಉತ್ತರ ಸೌಜನ್ಯದಿಂದ ತುಂಬಿತ್ತು. ಗುಲಾಮಗಿರಿ ಅನ್ಯಾಯವೆಂಬುದರಲ್ಲಿ ಜೆಫರ್ಸನ್‌ನಿಗೆ ಸಂದೇಹವಿರಲಿಲ್ಲ. ಆದರೆ ತನಗೆ ವಯಸ್ಸಾಯಿತು, ಇದು ತರುಣರ ಕೆಲಸ, ತನ್ನಿಂದ ದೊರೆಯುವುದು ಪ್ರಾರ್ಥನೆ ಮಾತ್ರ ಎಂದನು. ಅಷ್ಟೇ ಅಲ್ಲ, ಸದ್ಯಕ್ಕೆ ಗುಲಾಮರಿಗೆ ಅನ್ನಬಟ್ಟೆ ಕೊಟ್ಟು, ಕೆಟ್ಟ ಉಪಚಾರದಿಂದ ಕಾಪಾಡಿ, ತಕ್ಕಷ್ಟು ಕೆಲಸವನ್ನೇ ಹೇಳುತ್ತಾ ಇರುವುದು ಒಳ್ಳೆಯದು, ಊರನ್ನೂ ಅವರನ್ನೂ ತೊರೆದು ಹೋಗಬಾರದು ಎಂದು ಬುದ್ಧಿ ಹೇಳಿದನು.

ಸೆಪ್ಟೆಂಬರ್ 26ರಂದು ಕೋಲ್ಸ್ ಮರುತ್ತರ ಬರೆದನು. ವಯಸ್ಸಿನ ನೆಪಕ್ಕೆ ಆತನು ನೀಡಿದ ಉದಾಹರಣೆ ಬೆಂಜಮಿನ್ ಫ್ರಾಂಕ್ಲಿನ್‌ನದು. ಜೆಫರ್ಸನ್‌ನಿಗೆ ಆಗ 71 ವರ್ಷ. ಫ್ರಾಂಕ್ಲಿನ್ ಗುಲಾಮಗಿರಿಯ ವಿರುದ್ಧ ಅಮೆರಿಕದ ಸಂಸತ್ತಿಗೆ ಸಲ್ಲಿಸಿದ ಮನವಿಗೆ 1790ರಲ್ಲಿ ಸಹಿ ಹಾಕಿದಾಗ ಅವನಿಗೆ 84. ಎರಡೇ ತಿಂಗಳಲ್ಲಿ ಅವನು ಗತಿಸಿದನು.

ಜೆಫರ್ಸನ್‌ನ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ, ಏಕೆಂದರೆ ಅದು ಚೇತನ ಪರಿಗ್ರಹದ ಹೊಣೆಯನ್ನೇ ಆಧಾರವಾಗಿ ಹಿಡಿದಿದೆ. ಅವರನ್ನು ಕೈಬಿಡಬೇಡ ಎಂದವನ ಮಾತಿನಲ್ಲಿ ತಪ್ಪೇನು? ಅತಿಭಾರ ಹೊರಿಸಬೇಡ, ಅನ್ನಪಾನ ತಡೆಯಬೇಡ, ಹೊಡೆಯಬೇಡ ಎಂದು ಅಹಿಂಸಾಣುವ್ರತದ ಅತಿಚಾರಗಳೂ ಹೇಳುವುದಿಲ್ಲವೇ? ಹೇಳುತ್ತವೆ. ಅವು ಒಡೆತನ ಇರುವವರೆಗೆ ಒಡೆಯನು ಬೀಳಬಾರದ ಆಳವನ್ನು ಗುರುತಿಸುತ್ತವೆಯೇ ಹೊರತು, ಅಷ್ಟು ಪಾಲಿಸಿದರೆ ಒಡೆತನ ನಿರ್ದೋಷವೆಂದು ಪ್ರಮಾಣಪತ್ರ ಕೊಡುವುದಿಲ್ಲ. ಹೊಣೆಗಾರಿಕೆಯನ್ನು ಜೆಫರ್ಸನ್ ಇಟ್ಟುಕೊಳ್ಳುವುದಕ್ಕೆ ಕಾರಣವನ್ನಾಗಿ ಮಾಡಿಕೊಂಡನು. ಕೋಲ್ಸ್ ಅದನ್ನೇ ಬಿಡುವ ಕ್ರಮಕ್ಕೆ ನಿಯಮವನ್ನಾಗಿ ಮಾಡಿಕೊಂಡನು. ಮುಂದೆ ನಡೆದದ್ದು ಗೊತ್ತಿರುವುದೇ: ಬಾಳಿನುದ್ದಕ್ಕೂ ಆರು ನೂರಕ್ಕಿಂತ ಹೆಚ್ಚು ಗುಲಾಮರ ಒಡೆಯನಾಗಿದ್ದ ಜೆಫರ್ಸನ್ ಉಯಿಲಿನಲ್ಲಿ ಬಿಡುಗಡೆ ಮಾಡಿದ್ದು ಐವರನ್ನು. 1826ರಲ್ಲಿ ಅವನು ತೀರಿಕೊಂಡ ಮೇಲೆ ಸಾಲ ತೀರಿಸುವುದಕ್ಕಾಗಿ ಅವನ ಮನೆಯಂಗಳದಲ್ಲಿಯೇ 1827ರ ಜನವರಿಯಿಂದ ಹರಾಜು ನಡೆದು ತಾಯಿ ಮಕ್ಕಳು ಬೇರೆ ಬೇರೆ ಒಡೆಯರ ಪಾಲಾದರು. ಕೈಬಿಡಬಾರದೆಂದು ಉಪದೇಶಿಸಿದ ಕೈಯೇ ಹೀಗೆ ಕೈಬಿಟ್ಟಿತು.

1819ರ ವಸಂತದಲ್ಲಿ ಕೋಲ್ಸ್ ಹೊರಟನು. ಜಮೀನನ್ನು ಮಾರಿದ್ದನು, ಗುಲಾಮರನ್ನು ಮಾರಲಿಲ್ಲ. ಬಂಡಿಗಳಲ್ಲಿ ಬೆಟ್ಟಗಳನ್ನು ದಾಟಿ ಪೆನ್ಸಿಲ್ವೇನಿಯಾಕ್ಕೆ ಬಂದು, ಅಲ್ಲಿ ಚಪ್ಪಟೆ ತಳದ ಎರಡು ದೋಣಿಗಳನ್ನು ಕೊಂಡು, ಎಲ್ಲರೂ ನದಿಯ ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿದರು. ಗುಲಾಮರಿಗೆ ಒಡೆಯನ ಉದ್ದೇಶ ತಿಳಿದಿರಲಿಲ್ಲ. ಪಿಟ್ಸ್‌ಬರ್ಗ್ ದಾಟಿ ಓಹೈಯೋ ನದಿಯಲ್ಲಿ ತೇಲುತ್ತಿದ್ದ ಏಪ್ರಿಲ್ ತಿಂಗಳ ಒಂದು ದಿನ ಕೋಲ್ಸ್ ಎರಡು ದೋಣಿಗಳನ್ನೂ ಜೊತೆಗೂಡಿಸಿ, ಎಲ್ಲರನ್ನೂ ಕರೆದು, ಇಂದಿನಿಂದ ನೀವು ತನ್ನಷ್ಟೇ ಸ್ವತಂತ್ರರು, ಬೇಕಾದವರು ಇಲ್ಲಿಯೇ ದಡಕ್ಕಿಳಿಯಬಹುದು, ಬೇಕಾದವರು ತನ್ನೊಡನೆ ಬರಬಹುದು ಎಂದು ಚುಟುಕಾಗಿ ತಿಳಿಸಿದನು. ಕೆಲ ಹೊತ್ತು ಯಾರೂ ಮಾತನಾಡಲಿಲ್ಲವೆಂದು ಆತನೇ ಬರೆದಿದ್ದಾನೆ. ಬಳಿಕ ಅವರು, ಹೊಸ ಊರಿನಲ್ಲಿ ನಿಮ್ಮ ಬಾಳು ನೆಲೆಗೊಳ್ಳುವ ತನಕ ದುಡಿದುಕೊಟ್ಟು ಆಮೇಲೆ ಸ್ವತಂತ್ರರಾಗುತ್ತೇವೆ ಎಂದರಂತೆ. ಆತನು ಒಪ್ಪಲಿಲ್ಲ.

ಇಲ್ಲಿಯವರೆಗಿನದು ತ್ಯಾಗ. ಅದರ ಮುಂದಿನ ಮಾತೇ ಈ ಚರಿತ್ರೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು. ಪ್ರತಿ ಕುಟುಂಬದ ಮುಖ್ಯಸ್ಥನಿಗೂ 160 ಎಕರೆ ಜಮೀನನ್ನು ಕೊಡುವುದಾಗಿ ಕೋಲ್ಸ್ ಅದೇ ದೋಣಿಯಲ್ಲಿ ಹೇಳಿದನು. ಅದಕ್ಕೆ ಆತನು ಕೊಟ್ಟ ಕಾರಣ ಎರಡು: ಹಿಂದೆ ಮಾಡಿದ ಸೇವೆಗೆ ಪ್ರತಿಫಲ, ಮುಂದಿನ ದುಡಿಮೆಗೆ ಉತ್ತೇಜನ. ಇದನ್ನು ಔದಾರ್ಯವೆಂದು ಜೀವನಚರಿತ್ರಕಾರರು ಹೊಗಳುತ್ತಾರೆ. ಆದರೆ ಮೊದಲನೆಯ ಕಾರಣವನ್ನು ಲೆಕ್ಕ ಬಲ್ಲವನು ಓದಿದರೆ ಅದು ದಾನವಲ್ಲ, ಬಾಕಿ ಪಾವತಿ. ಹನ್ನೊಂದು ವರ್ಷಗಳ ಕೂಲಿ ಕೊಡದೆ ಉಳಿಸಿಕೊಂಡಿದ್ದವನು ಅದನ್ನು ನೆಲದ ರೂಪದಲ್ಲಿ ತೀರಿಸಿದನು. ಸಂಬಳವನ್ನು ತಡೆದು, ಅನಂತರ ಅದರಲ್ಲೊಂದು ಭಾಗವನ್ನು ದೇವಸ್ಥಾನದ ಶಿಲಾಫಲಕದಲ್ಲಿ ದಾನವೆಂದು ಕೆತ್ತಿಸುವ ಪದ್ಧತಿಯನ್ನು ಬಲ್ಲವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಕೋಲ್ಸ್‌ನ ಹಿರಿಮೆಯೆಂದರೆ ಹಿಂದಿನ ಸೇವೆಗೆ ಎಂಬ ಮಾತನ್ನು ಆತನು ಬಾಯಿಬಿಟ್ಟು ಹೇಳಿದ್ದು.

ಅವರು ನೆಲೆಸಿದ್ದು ಇಲಿನಾಯ್ ರಾಜ್ಯದ ಎಡ್ವರ್ಡ್ಸ್‌ವಿಲ್ ಊರಿನ ಬಳಿಯಲ್ಲಿ. ಅಲ್ಲಿ ಕೋಲ್ಸ್‌ನಿಗೆ ಸರ್ಕಾರಿ ಭೂ ಕಚೇರಿಯ ರಿಜಿಸ್ಟ್ರಾರ್ ಹುದ್ದೆ ದೊರಕಿತ್ತು. ಬಿಡುಗಡೆಯ ಪತ್ರಗಳನ್ನು ಆತನು ಬರೆದುಕೊಟ್ಟದ್ದು 1819ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು. ಬಿಡುಗಡೆ ಹೊಂದಿದವರು ಪಿನ್ ಓಕ್ ಎಂಬಲ್ಲಿ ಬೇಸಾಯ ಹೂಡಿದರು. ವಿಷಯ ತಿಳಿದ ಮ್ಯಾಡಿಸನ್ ತನ್ನ ಹಳೆಯ ಕಾರ್ಯದರ್ಶಿಗೆ ಪತ್ರ ಬರೆದು, ಅವರ ಕಾನೂನಿನ ಸ್ಥಿತಿಯನ್ನು ಬದಲಿಸಿದಂತೆ ಮೈಬಣ್ಣವನ್ನೂ ಬದಲಿಸಲು ಸಾಧ್ಯವಾಗಿದ್ದರೆ ಚೆನ್ನಾಗಿತ್ತು ಎಂದನು. ಅದು ವ್ಯಂಗ್ಯವಲ್ಲ, ವಿಷಾದದ ಮಾತು. ಇಲಿನಾಯ್‌ಯಲ್ಲಿ ಕಪ್ಪು ಜನರ ಮೇಲೆ ಕಠಿಣ ಕಾಯ್ದೆಗಳಿದ್ದವು. 1787ರ ಶಾಸನವು ಆ ಪ್ರದೇಶದಲ್ಲಿ ಗುಲಾಮಗಿರಿಯನ್ನು ನಿಷೇಧಿಸಿದ್ದರೂ ಹಳೆಯ ಫ್ರೆಂಚ್ ನೆಲಸಿಗರ ಗುಲಾಮರು ಗುಲಾಮರಾಗಿಯೇ ಉಳಿದಿದ್ದರು. ಉಪ್ಪಿನ ಕಾಯಕದ ಸ್ಥಳಗಳಲ್ಲಿ ಹೊರಗಿನ ಗುಲಾಮರನ್ನು ಬಾಡಿಗೆಗೆ ತಂದು ದುಡಿಸುತ್ತಿದ್ದರು.

ತನ್ನ ಕೈಯಲ್ಲಿದ್ದವರನ್ನು ಬಿಟ್ಟ ಮೇಲೆ ಗೃಹಸ್ಥನ ಕರ್ತವ್ಯ ಮುಗಿಯಿತೇ? ಕೃತ, ಕಾರಿತ, ಅನುಮೋದನ ಎಂದು ಕರ್ಮಾಸ್ರವಕ್ಕೆ ಮೂರು ದ್ವಾರಗಳನ್ನು ಹೇಳುವ ಜೈನಶಾಸ್ತ್ರ ಮುಗಿಯಿತೆಂದು ಹೇಳುವುದಿಲ್ಲ. ತಾನು ಮಾಡದಿರುವುದು, ಮಾಡಿಸದಿರುವುದು ಎಷ್ಟು ಮುಖ್ಯವೋ ಮಾಡುವವರಿಗೆ ಸಮ್ಮತಿ ಕೊಡದಿರುವುದೂ ಅಷ್ಟೇ ಮುಖ್ಯ. ಖಾಸಗಿ ವ್ಯಕ್ತಿಯ ಮೌನ ಎಲ್ಲ ಸಂದರ್ಭಗಳಲ್ಲಿಯೂ ಸಮ್ಮತಿಯಾಗಲಾರದು. ಅಧಿಕಾರದಲ್ಲಿರುವವನ ಮೌನ ಸಮ್ಮತಿಯೇ.

1822ರ ಚುನಾವಣೆಯಲ್ಲಿ ಕೋಲ್ಸ್ ಗವರ್ನರ್ ಪದವಿಗೆ ನಿಂತನು. ಗುಲಾಮಗಿರಿಯ ಪರವಾದ ಮತಗಳು ಇಬ್ಬರಲ್ಲಿ ಹಂಚಿಹೋದುದರಿಂದ 2,854 ಮತಗಳು ಬಂದ ಈತನು, 2,687 ಪಡೆದ ಜೋಸೆಫ್ ಫಿಲಿಪ್ಸ್‌ನನ್ನು ಮೀರಿ ಗೆದ್ದನು. ಒಟ್ಟು ಮತಗಳಲ್ಲಿ ಈತನಿಗೆ ಬಂದದ್ದು ಮೂರರಲ್ಲೊಂದು ಭಾಗ. ಇಷ್ಟು ದುರ್ಬಲವಾದ ಗೆಲುವಿನ ಮೇಲೆ ಕುಳಿತವನು ಜಾಣನಾದರೆ ಸುಮ್ಮನಿರುತ್ತಿದ್ದನು. ಕೋಲ್ಸ್ ತನ್ನ ಮೊದಲ ಭಾಷಣದಲ್ಲಿಯೇ ಉಳಿದ ಗುಲಾಮಗಿರಿಯನ್ನು ತೆಗೆದುಹಾಕಿ ಕಪ್ಪು ಜನರ ಮೇಲಿನ ಕಾಯ್ದೆಗಳನ್ನು ಸಡಿಲಿಸಬೇಕೆಂದು ಶಾಸನಸಭೆಯನ್ನು ಕೇಳಿದನು. ಸಭೆಯ ಬಹುಮತ ಕೆರಳಿ, ರಾಜ್ಯದ ಸಂವಿಧಾನವನ್ನೇ ತಿದ್ದಿ ಗುಲಾಮಗಿರಿಗೆ ಅವಕಾಶ ಮಾಡಿಕೊಡಲು ಹೊರಟಿತು. ಅದಕ್ಕೆ ಬೇಕಾದ ಮೂರನೆಯ ಎರಡು ಭಾಗ ಮತ ಕೂಡಿಸುವುದಕ್ಕಾಗಿ, ತಾವೇ ಒಪ್ಪಿಕೊಂಡಿದ್ದ ನಿಕೋಲಸ್ ಹ್ಯಾನ್ಸನ್ ಎಂಬ ಸದಸ್ಯನನ್ನು ಹೊರಹಾಕಿ ಅವನ ಎದುರಾಳಿಯನ್ನು ಕೂರಿಸಿದರು. ಕೊನೆಯ ತೀರ್ಮಾನ ಜನರ ಮತಕ್ಕೆ ಬಿದ್ದಿತು.

ಹದಿನೆಂಟು ತಿಂಗಳು ನಡೆದ ಆ ಹೋರಾಟದಲ್ಲಿ ಕೋಲ್ಸ್ ಕರಪತ್ರ ಮುದ್ರಿಸಿದನು, ಕೆಲವರೊಡನೆ ಸೇರಿ ವಂಡೇಲಿಯಾದ ಒಂದು ವೃತ್ತಪತ್ರಿಕೆಯನ್ನು ಕೊಂಡನು. ಇಂಗ್ಲೆಂಡಿನಿಂದ ಬಂದು ನೆಲೆಸಿದ್ದ ಮೋರಿಸ್ ಬರ್ಕ್‌ಬೆಕ್ ಗುಪ್ತನಾಮದಿಂದ ಲೇಖನಗಳನ್ನು ಬರೆದುಕೊಟ್ಟನು. ಗವರ್ನರನ ಸಂಬಳ ವರ್ಷಕ್ಕೆ 1,000 ಡಾಲರ್. ನಾಲ್ಕು ವರ್ಷಗಳ ಪೂರ್ತಿ ಸಂಬಳವನ್ನು ಆತನು ಈ ಕಾರ್ಯಕ್ಕೆ ಮುಡುಪಿಟ್ಟನು. 1824ರ ಆಗಸ್ಟ್ 2ರಂದು ಮತದಾನ ನಡೆದಾಗ ಪರವಾಗಿ 4,972, ವಿರುದ್ಧವಾಗಿ 6,640 ಮತಗಳು ಬಂದವು. ಇಲಿನಾಯ್ ಗುಲಾಮರ ರಾಜ್ಯವಾಗಲಿಲ್ಲ.

ವಿರೋಧಿಗಳು ಬೇರೊಂದು ದಾರಿ ಹಿಡಿದರು. ಬಿಡುಗಡೆ ಹೊಂದಿದವರನ್ನು ರಾಜ್ಯದೊಳಗೆ ತರುವವನು ತಲಾ 1,000 ಡಾಲರಿನ ಮುಚ್ಚಳಿಕೆ ಬರೆದುಕೊಡಬೇಕೆಂದು 1819ರ ಕಾಯ್ದೆ ವಿಧಿಸಿತ್ತು. ಕೋಲ್ಸ್ ಅದನ್ನು ಬರೆದುಕೊಟ್ಟಿರಲಿಲ್ಲ. ಮ್ಯಾಡಿಸನ್ ಕೌಂಟಿಯ ಹೆಸರಿನಲ್ಲಿ ಮೊಕದ್ದಮೆ ಹೂಡಿ, ಹತ್ತು ಜನರ ಲೆಕ್ಕಕ್ಕೆ ತಲಾ 200ರಂತೆ 2,000 ಡಾಲರ್ ದಂಡ ವಿಧಿಸಲಾಯಿತು. ದೋಣಿಯಲ್ಲಿ ಬಿಡುಗಡೆಯ ಮಾತಾಡಿದ್ದಕ್ಕೆ ಎರಡು ವರ್ಷಗಳ ಸಂಬಳ. 1826ರಲ್ಲಿ ರಾಜ್ಯದ ಉಚ್ಚ ನ್ಯಾಯಪೀಠ ಅದನ್ನು ರದ್ದುಪಡಿಸಿತು.

ಬಿಟ್ಟ ಪರಿಗ್ರಹ ಹೀಗೆ ಬೆನ್ನು ಹತ್ತಿ ಬಂದುದನ್ನು ಕಂಡಾಗ, ದಾಸಿ-ದಾಸರನ್ನು ಪರಿಮಾಣದ ಪಟ್ಟಿಯಲ್ಲಿ ಇರಿಸಿದ ಶ್ರಾವಕಾಚಾರಗಳ ಬಗ್ಗೆಯೂ ಒಂದು ಮಾತು ಹೇಳದೆ ವಿಧಿಯಿಲ್ಲ. ಪರಿಮಾಣವೆಂದರೆ ಇಂತಿಷ್ಟು ಸಾಕು ಎಂಬ ಮಿತಿ. ಇಷ್ಟು ಎಕರೆ, ಇಷ್ಟು ತೊಲ, ಇಷ್ಟು ದಾಸರು. ಆ ಕಾಲದ ಗೃಹಸ್ಥನ ಶಕ್ತಿಯನ್ನು ನೋಡಿ ಆಚಾರ್ಯರು ಅಣುವ್ರತವನ್ನು ವಿಧಿಸಿದರೆಂಬ ಸಮಾಧಾನ ಯುಕ್ತವೇ. ಆದರೂ ಇಬ್ಬರು ದಾಸರಿಗೆ ಮಿತಿ ಹಾಕಿಕೊಂಡ ಶ್ರಾವಕನ ಮನೆಯಲ್ಲಿ ಆ ಇಬ್ಬರ ಪಾಲಿಗೆ ವ್ರತದಿಂದ ದೊರೆತದ್ದು ಏನು ಎಂದು ಕೇಳಿದರೆ ಉತ್ತರ ಸುಲಭವಲ್ಲ. ಪ್ರಶ್ನೆಯನ್ನು ಕೇಳುವುದರಿಂದ ಆಗಮದ ಅವಿನಯವಾಗುವುದಿಲ್ಲ. ಸಕಲ ಜೀವಗಳಲ್ಲಿಯೂ ಸಮಾನವಾದ ಆತ್ಮವನ್ನು ಕಾಣಿಸಿಕೊಟ್ಟ ಆಗಮವೇ ಆ ಪ್ರಶ್ನೆಯನ್ನು ಕೇಳಲು ಕಲಿಸಿದೆ.

ಕೋಲ್ಸ್‌ನ ಉತ್ತರಾರ್ಧದ ಬಾಳಿನಲ್ಲಿ ಇಂತಹ ಏರು ಮತ್ತೆ ಕಾಣುವುದಿಲ್ಲ. 1831ರಲ್ಲಿ ಅಮೆರಿಕದ ಸಂಸತ್ತಿಗೆ ನಿಂತು ಸೋತನು. ಬಳಿಕ ಫಿಲಡೆಲ್ಫಿಯಾಕ್ಕೆ ಹೋಗಿ ನೆಲೆಸಿ 1833ರಲ್ಲಿ ವಿವಾಹವಾದನು. ಬಿಡುಗಡೆ ಹೊಂದಿದ ಕಪ್ಪು ಜನರನ್ನು ಆಫ್ರಿಕಕ್ಕೆ ಕಳುಹಿಸಬೇಕೆಂಬ ಯೋಜನೆಗೆ ಆತನು ಬೆಂಬಲವಿತ್ತನು. ಅವರಿಗೆ ಇದ್ದ ನೆಲದಲ್ಲಿಯೇ 160 ಎಕರೆ ಕೊಟ್ಟಿದ್ದವನು, ಅಲ್ಲಿಯೇ ಹುಟ್ಟಿದವರನ್ನು ಸಮುದ್ರದಾಚೆಗೆ ಕಳುಹಿಸುವುದು ಹಿತವೆಂದು ಹೇಗೆ ನಂಬಿದನೋ! ಮ್ಯಾಡಿಸನ್‌ನಾದರೂ ಉಯಿಲಿನಲ್ಲಿ ತನ್ನ ಗುಲಾಮರಿಗೆ ಬಿಡುಗಡೆ ಬರೆಯಬೇಕೆಂದು 1832ರಲ್ಲಿ ಪತ್ರ ಬರೆದು ಒತ್ತಾಯಿಸಿದನು. 1836ರಲ್ಲಿ ಮ್ಯಾಡಿಸನ್ ಸತ್ತಾಗ ಉಯಿಲಿನಲ್ಲಿ ಅದು ಇರಲಿಲ್ಲ. ವಿಧವೆಯಾದ ಪತ್ನಿ ಅವರಲ್ಲಿ ಹಲವರನ್ನು ಮಾರಿದಳು.

ಕೋಲ್ಸ್‌ನ ಮಗ ರಾಬರ್ಟ್ಸ್, ತಂದೆ ಬಿಟ್ಟು ಬಂದ ವರ್ಜೀನಿಯಾಕ್ಕೆ ಮರಳಿ ಹೋದನು. ಅಂತರ್ಯುದ್ಧ ಆರಂಭವಾದಾಗ ಗುಲಾಮಗಿರಿಯ ಪಕ್ಷವಾದ ದಕ್ಷಿಣದ ಸೈನ್ಯವನ್ನು ಸೇರಿ 1862ರ ಫೆಬ್ರವರಿಯಲ್ಲಿ ರೋನೋಕ್ ದ್ವೀಪದ ಕಾಳಗದಲ್ಲಿ ಮಡಿದನು. 1865ರ ಡಿಸೆಂಬರಿನಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿ ದೇಶದಾದ್ಯಂತ ಗುಲಾಮಗಿರಿಯನ್ನು ಕೊನೆಗಾಣಿಸಿತು. ಅದನ್ನು ಕಂಡ ಮುದಿ ತಂದೆ 1868ರ ಜುಲೈ 7ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡನು.